ಯಾರೂ ತೆಗೆಯದ ರಕ್ತ

ಇಂಥ ಕಥೆ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಹದಿನಾಲ್ಕು ವರ್ಷದಿಂದ ಲ್ಯಾಬ್ ಟೆಕ್ನೀಷಿಯನ್ ಆಗಿರುವವಳು. ಮಿಷಿನ್ನು ತೋರಿಸದ್ದನ್ನು ನಂಬುವ ಜಾಯಮಾನ ನನ್ನದಲ್ಲ. ನೀವೂ ನಂಬಬೇಕಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ಹೆಬ್ಬಾಳದ ಹತ್ತಿರ ಒಂದು ಮಕ್ಕಳ ಆಸ್ಪತ್ರೆಯಲ್ಲಿದ್ದೆ. ಯಲಹಂಕದ ಆರು ವರ್ಷದ ಹುಡುಗಿಯೊಬ್ಬಳನ್ನು ಐಸಿಯುಗೆ ಸೇರಿಸಿದ್ದರು. ಕಾಮಾಲೆಯಿಂದ ಶುರುವಾಗಿ, ವಾರದೊಳಗೆ ಲಿವರ್ ಕೈಕೊಟ್ಟು ಪ್ರಜ್ಞೆ ತಪ್ಪಿತ್ತು. ಇಂಥ ಮಕ್ಕಳಲ್ಲಿ ಟಿ3 ಎನ್ನುವ ಥೈರಾಯ್ಡ್ ಹಾರ್ಮೋನು ತೀರಾ ಇಳಿದರೆ ಒಳ್ಳೆಯ ಲಕ್ಷಣವಲ್ಲವೆಂದು ನಮ್ಮ ಡಾಕ್ಟರು ಉಳಿದ ಪರೀಕ್ಷೆಗಳ ಜೊತೆ ಅದನ್ನೂ ಮಾಡಿಸುತ್ತಿದ್ದರು. ಅವತ್ತು ಬೆಳಿಗ್ಗೆ ಅವಳದು ಅಳತೆಗೇ ಸಿಗದಷ್ಟು ಕಡಿಮೆ ಬಂತು. ಎರಡನೇ ಸಲ ಮಾಡಿದರೂ ಅದೇ.

ಡಾಕ್ಟರು ಹೇಳಿದ್ದನ್ನು ಕೇಳಿ ಅವಳ ತಂದೆ ನೇರವಾಗಿ ಲ್ಯಾಬಿನ ಕಿಟಕಿಗೆ ಬಂದ.

“ನೀವೇ ಏನ್ರೀ ನಮ್ ಹುಡ್ಗಿ ರಿಪೋರ್ಟ್ ಮಾಡಿದ್ದು? ಅವ್ಳ ಮುಖ ಒಂದ್ ಸಲಾನಾದ್ರೂ ನೋಡಿದ್ದೀರಾ?”

ಇಲ್ಲ ಎಂದೆ. ವಾರ್ಡಿನಲ್ಲಿ ರಕ್ತ ತೆಗೆಯುವವರು ನರ್ಸುಗಳು. ನಾವು ಅಲ್ಲಿಗೆ ಹೋಗುವುದೇ ಇಲ್ಲ.

“ಮುಖಾನೇ ನೋಡ್ದೆ ಸಾಯ್ತಾಳೆ ಅಂತ ಬರ್ದ್ಬಿಟ್ರಿ.”

ನನಗೂ ರೇಗಿತು. “ನಂಬರ್ ಬರ್ದಿದ್ದೀನಿ ಅಷ್ಟೇ. ಜಾಗ ಬಿಡಿ, ಹಿಂದೆ ಜನ ಕಾಯ್ತಿದ್ದಾರೆ” ಎಂದು ಕಿಟಕಿ ಎಳೆದುಕೊಂಡೆ. ಗಾಜಿನಾಚೆ ಆತ ತುಂಬ ಹೊತ್ತು ದುರುಗುಟ್ಟಿಕೊಂಡು ನಿಂತಿದ್ದ.

ಮಧ್ಯಾಹ್ನ ಮೂರರ ಸುಮಾರಿಗೆ ನೋಡಿದರೆ ಸ್ಟ್ಯಾಂಡಿನಲ್ಲಿ ರಕ್ತದ ಒಂದು ಟ್ಯೂಬು ಹೆಚ್ಚಿಗೆ ಇತ್ತು. ಅದೇ ಹುಡುಗಿಯ ಹೆಸರು. ಪ್ರಿಂಟಾದ ಚೀಟಿಯಲ್ಲ, ಪೆನ್ನಿನಲ್ಲಿ ಬರೆದದ್ದು. ಅಕ್ಷರ ನನ್ನದು. ನಾನು ಬರೆದಿರಲಿಲ್ಲ. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು.

ಪರೀಕ್ಷೆ ಮಾಡಿದೆ. ಟಿ3 ಆರೋಗ್ಯವಂತ ಮಕ್ಕಳಿಗಿರುವಷ್ಟಿತ್ತು. ಬೇರೆ ಯಾರದೋ ರಕ್ತವಿರಬಹುದೆಂದು ಉಳಿದದ್ದನ್ನೂ ನೋಡಿದೆ. ರಕ್ತದ ಗುಂಪು ಅವಳದೇ, ಕಾಮಾಲೆಯ ಅಂಶವೂ ಬೆಳಗಿನಷ್ಟೇ.

ಐಸಿಯುಗೆ ಫೋನ್ ಮಾಡಿದರೆ ನರ್ಸ್ ಸಿಡುಕಿದಳು. “ಬೆಳಿಗ್ಗೆಯಿಂದ ಯಾರೂ ಬ್ಲಡ್ ತೆಗ್ದಿಲ್ಲ. ನಿಮ್ ತಪ್ಪನ್ನ ನಮ್ ಮೇಲೆ ಹಾಕ್ಬೇಡಿ.”

ಡಾಕ್ಟರು ಎಲ್ಲರೆದುರು ಬೈದರು. “ಎಲ್ಲಿಂದ ಬಂತು ಅಂತಾನೇ ಗೊತ್ತಿಲ್ಲದ ಸ್ಯಾಂಪಲ್ ಮುಟ್ಟೋಕೆ ಯಾರ್ ಹೇಳಿದ್ರು ನಿಮ್ಗೆ?” ಆ ರಿಪೋರ್ಟನ್ನು ರದ್ದು ಮಾಡಿಸಿದರು. ಮರುದಿನ ತಾವೇ ಎದುರು ನಿಂತು ರಕ್ತ ತೆಗೆಸಿದರು. ಬಂದದ್ದು ಹಿಂದಿನ ಮಧ್ಯಾಹ್ನದ್ದೇ ಅಂಕಿ, ದಶಾಂಶವೂ ಬದಲಾಗದೆ. ಅವರು ಕಾಗದ ನೋಡಿದರು, ನನ್ನ ಮುಖ ನೋಡಿದರು, ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಎರಡು ದಿನ ಬಿಟ್ಟು ಹುಡುಗಿ ಕಣ್ಣು ಬಿಟ್ಟಳು.

ಮನೆಗೆ ಹೊರಟ ದಿನ ಅಪ್ಪ, ಮಗಳು ಕಾರಿಡಾರಿನಲ್ಲಿ ಎದುರಾದರು. ಆತ ಮುಖ ತಿರುಗಿಸಿದ. ನಾನು ಮಗುವನ್ನು ನೋಡಿ ನಗಲು ಹೋದೆ. ಅವಳು ಅಪ್ಪನ ಹಿಂದೆ ಅವಿತುಕೊಂಡಳು.

“ಈ ಆಂಟಿ ಬೇಡಪ್ಪ. ನಾನ್ ಮಲ್ಗಿದ್ದಾಗ ಬಂದು ಕೈಗೆ ಚುಚ್ಚಿದ್ದು ಇವ್ರೇ.”

ಆ ಮಧ್ಯಾಹ್ನ ನಾನು ಲ್ಯಾಬ್ ಬಿಟ್ಟು ಕದಲಿರಲಿಲ್ಲ. ಪಕ್ಕದಲ್ಲಿದ್ದ ಸಹೋದ್ಯೋಗಿಯೂ ಹಾಗೇ ಹೇಳುತ್ತಾಳೆ. ಅದನ್ನು ಹೇಳಲೆಂದು ಬಾಯಿ ತೆರೆದೆ. ಆದರೆ ಆ ಹುಡುಗಿ ನನ್ನನ್ನು ಚೆನ್ನಾಗಿ ಗುರುತಿದ್ದವರನ್ನು ನೋಡುವ ಹಾಗೆ ನೋಡುತ್ತಿದ್ದಳು. ಇಲ್ಲ ಎನ್ನಲು ನನಗೆ ಧೈರ್ಯ ಬರಲಿಲ್ಲ.