ಒಣಗದ ವಿಭೂತಿ

ಖಾನಾಪುರದ ಬಸ್ಸು ಉದ್ಯಮಬಾಗ ದಾಟುವಾಗ ಕಿಟಕಿಯಿಂದ ಒಂದು ವಾಸನೆ ಒಳಗೆ ಬರುತ್ತದೆ. ಸುಟ್ಟ ಬೆಲ್ಲದಂಥದು, ಅದರ ಹಿಂದೆಯೇ ಕಾದ ಮಣ್ಣಿನದು. ಫೌಂಡ್ರಿಯವರು ಅಚ್ಚಿನ ಮರಳು ಗಟ್ಟಿ ಕೂರಲೆಂದು ಅದಕ್ಕೆ ಸಕ್ಕರೆ ಕಾರ್ಖಾನೆಯ ಕಾಕಂಬಿ ಕಲಸುತ್ತಾರೆ. ಕರಗಿದ ಕಬ್ಬಿಣ ಸುರಿದಾಗ ಅದು ಸುಟ್ಟು ಹೀಗೆ ನಾರುತ್ತದೆ. ಇದನ್ನು ನನಗೆ ಹೇಳಿದವರು ಕಾಕಾ. ಕೆಲಸ ಖಾನಾಪುರದಲ್ಲಾದ್ದರಿಂದ ವಾರಕ್ಕೆ ಐದು ದಿನ ನಾನು ಈ ದಾರಿಯಲ್ಲಿ ಹೋಗುತ್ತೇನೆ. ಎಲ್ಲ ದಿನ ವಾಸನೆ ಇರುವುದಿಲ್ಲ. ಇದ್ದ ದಿನ ದಿನಚರಿಯಲ್ಲಿ ತಾರೀಖಿನ ಪಕ್ಕ ಒಂದು ಚುಕ್ಕೆ ಇಡುತ್ತೇನೆ. ಈ ತಿಂಗಳು ನಾಲ್ಕು ಚುಕ್ಕೆಗಳಾಗಿವೆ. ನಾಲ್ಕನೆಯದು ಮೊನ್ನೆ ಗುರುವಾರದ್ದು. ಗುರುವಾರ ಅನ್ನುವುದಕ್ಕೋ ಏನೋ, ಟಿಕೆಟ್ ಹಿಡಿದಿದ್ದ ಅಂಗೈ ತಣ್ಣಗಾಗಿಬಿಟ್ಟಿತು...

ಕಾಕಾ ನನ್ನ ಸಂಬಂಧಿಕರಲ್ಲ. ಅನಗೋಳದಲ್ಲಿ ಅವರ ಮನೆಯ ಹಿಂದಿನ ಖೋಲಿಯಲ್ಲಿ ನಾನು ಬಾಡಿಗೆಗಿದ್ದೆ. ಗಂಡ ಹೆಂಡತಿ ಇಬ್ಬರೇ ಮುಂದೆ ಇರುತ್ತಿದ್ದರು. ಅವರ ಊರು ಪಾರಿಶ್ವಾಡದ ಹತ್ತಿರ, ಹೆಂಡತಿ ಕಾಕುವಿನ ತವರು ಖಾನಾಪುರ. ಕಾಕಾ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಭಟ್ಟಿಯ ಮುಂದೆ ನಿಂತು ಕಬ್ಬಿಣ ಸುರಿಸುವ ಕೆಲಸದಲ್ಲಿದ್ದರು. ಮುಖ, ಮುಂಗೈ ಎಲ್ಲ ಕಂದಿ ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ವಿಭೂತಿ ನೀರಲ್ಲಿ ಕಲಸಿ ಹಚ್ಚಿಕೊಂಡು ಹೊರಗೆ ಬಂದರೆ, ಮೂರು ಗೆರೆಗಳು ನಾವು ನೋಡುತ್ತಿದ್ದಂತೆ ಒಣಗಿ ಬೆಳ್ಳಗಾಗುತ್ತಿದ್ದವು.

ಅವರಿಗೊಂದು ರೂಢಿಯಿತ್ತು. ಯಾವುದನ್ನಾದರೂ ಮುಟ್ಟುವ ಮೊದಲು ಅಂಗೈಯ ಹಿಂಭಾಗ ಹತ್ತಿರ ಒಯ್ದು ಅದರ ಕಾವು ನೋಡುವುದು. ಚಹಾದ ಗ್ಲಾಸು, ಬೈಕಿನ ಸೀಟು, ಗೋಡೆ... ನಾನು ಕೆಲಸದಿಂದ ಬಂದಾಗ ಕಟ್ಟೆಯ ಮೇಲೆ ಕೂತವರು ನನ್ನ ಹಣೆಯ ಮುಂದೆ ಕೈ ಹಿಡಿದು, 'ಬೆಚ್ಚಗದಿ ತಂಗಿ, ಬಸ್ಸಿನ್ಯಾಗ ಜಗಳಾಡಿ ಬಂದೀಯೇನು?' ಅನ್ನುತ್ತಿದ್ದರು. ಕಾಕು ಒಳಗಿನಿಂದಲೇ, ಆಕಿನ್ನೂ ಕುಂತಿಲ್ಲ, ಚೇಷ್ಟೆ ಶುರು ಮಾಡಿದ್ರಿ ಎಂದು ಗದರುತ್ತಿದ್ದರು.

ಸುರಿಯುವ ಕೆಲಸದ ಬಗ್ಗೆ ಕೇಳಿದರೆ ಅವರ ಮುಖ ಗಂಭೀರವಾಗುತ್ತಿತ್ತು. ಸುರಿಯುವುದು ದೊಡ್ಡದಲ್ಲ, ಕಾಯುವುದು ದೊಡ್ಡದು ಅನ್ನುತ್ತಿದ್ದರು. ಬಿಸಿ ಇದ್ದಾಗಲೇ ಅವಸರ ಮಾಡಿ ಅಚ್ಚು ಒಡೆದರೆ ಒಳಗಿನ ವಸ್ತು ಬಿರುಕು ಬಿಡುತ್ತದಂತೆ. ಅದು ತಣ್ಣಗಾಗುವತನಕ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲವಂತೆ. 'ತಣ್ಣಗಾತು ಅಂದ್ರ ಗೆದ್ದಂಗ' ಅನ್ನುವುದು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಹೊಸದಾಗಿ ತಂದ ಕುಕ್ಕರಿಗೂ ಅದನ್ನೇ ಹೇಳುತ್ತಿದ್ದರು, ಕಾಕುವಿನ ಸಿಟ್ಟಿಗೂ ಅದನ್ನೇ.

ಎರಡು ವರ್ಷದ ಹಿಂದಿನ ಮಾತು, ಮಳೆ ಹಿಂದಾಗುತ್ತಿದ್ದ ದಿನಗಳು. ಅಚ್ಚಿನಿಂದ ತೆಗೆದ ಕಬ್ಬಿಣದ ಚೂಪು ಅಂಚು ತಾಗಿ ಕಾಕಾನ ಮೀನಖಂಡದ ಮೇಲೆ ಗಾಯವಾಗಿತ್ತು. ದೊಡ್ಡದೇನಲ್ಲ. ಅರಿಷಿಣ ಮೆತ್ತಿಕೊಂಡು ಕೆಲಸಕ್ಕೆ ಹೋದರು. ಮೂರನೇ ದಿನ ಕಾಲು ಕೆಂಪಗೆ ಬಾತಿತು. ಸೋಮವಾರ ಸಂಜೆ ಚಳಿ ಹತ್ತಿತು. ಎರಡು ರಗ್ಗು, ಮೇಲೊಂದು ಕೌದಿ ಹೊಚ್ಚಿದರೂ ಮಂಚ ಅಲುಗಾಡುತ್ತಿತ್ತು. ಹಲ್ಲು ಕಟಕಟ ಅನ್ನುವ ಸದ್ದು ನನ್ನ ಖೋಲಿಯ ಬಾಗಿಲಿಗೆ ಕೇಳುತ್ತಿತ್ತು. ಇಪ್ಪತ್ತೈದು ವರ್ಷ ಬೆಂಕಿಯ ಮುಂದೆ ನಿಂತ ಮನುಷ್ಯ ಹಾಗೆ ನಡುಗುವುದನ್ನು ನೋಡಿ ಕಾಕು ಕೋಣೆಯ ಮೂಲೆಗೆ ಸರಿದು ನಿಂತುಬಿಟ್ಟಿದ್ದರು.

ಓಣಿಯ ಡಾಕ್ಟರು ಗುಳಿಗೆ, ಇಂಜೆಕ್ಷನ್ ಕೊಟ್ಟರು. ಜ್ವರ ಇಳಿಯದಿದ್ದರೆ, ಇಲ್ಲವೇ ನಿತ್ರಾಣ ಹೆಚ್ಚಾದರೆ ತಡಮಾಡದೆ ದೊಡ್ಡ ದವಾಖಾನೆಗೆ ಹೋಗಿ ಎಂದು ಹೇಳಿದ್ದರು. ಮನೆಗೆ ಬರುವಷ್ಟರಲ್ಲಿ ಮಾತಿನ ಎರಡನೇ ಅರ್ಧ ಎಲ್ಲೋ ಬಿದ್ದುಹೋಗಿತ್ತು. ಜ್ವರ ಇಳಿಯದಿದ್ದರೆ ಎನ್ನುವುದು ಮಾತ್ರ ಕಾಕುವಿನ ಮನಸ್ಸಿನಲ್ಲಿ ಕೂತಿತ್ತು.

ಥರ್ಮಾಮೀಟರ್ ನನ್ನದು. ಬೆಳಿಗ್ಗೆ ಸಂಜೆ ನೋಡಿ ಹೇಳುವ ಕೆಲಸವೂ ನನ್ನದಾಯಿತು. ಮಂಗಳವಾರ ನೂರಾ ಮೂರು ಇತ್ತು. ಬುಧವಾರವೂ ಹೆಚ್ಚುಕಡಿಮೆ ಅಷ್ಟೇ. ಜ್ವರ ಜಗ್ಗಲಿಲ್ಲವೆಂದು ಕಾಕು ಖಾನಾಪುರದ ತಮ್ಮನಿಗೆ ಫೋನು ಮಾಡಿದರು. ಗುರುವಾರ ಬೆಳಿಗ್ಗೆ ಗಾಡಿ ತರುತ್ತೇನೆ, ಎಲ್ಲರೂ ಕೂಡಿ ದೊಡ್ಡ ದವಾಖಾನೆಗೆ ಹೋಗೋಣ ಎಂದು ಆತ ಒಪ್ಪಿಕೊಂಡ.

ಗುರುವಾರ ನಾನು ಹೋಗುವಷ್ಟರಲ್ಲಿ ಕಾಕು ಗಂಜಿ ಒಲೆಗಿಟ್ಟು, ನಗುತ್ತ ಫೋನಿನಲ್ಲಿ ಮಾತಾಡುತ್ತಿದ್ದರು. 'ಬರಬ್ಯಾಡ ತಮ್ಮಾ, ಜ್ವರಾ ಬಿಟ್ಟಾವ. ಹಣಿ ತಣ್ಣಗ ಆಗೇತಿ ನೋಡ.' ಕಾಕಾ ದಿಂಬಿಗೊರಗಿ ಕೂತಿದ್ದರು. ನನ್ನನ್ನು ನೋಡಿ, 'ಭಟ್ಟಿ ಬಂದ್ ಆತು ತಂಗಿ' ಎಂದರು. ನಾನೂ ನಕ್ಕೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟೆ. ತೊಂಬತ್ತೈದು ತೋರಿಸಿತು.

ಯಂತ್ರ ಕೆಟ್ಟಿರಬೇಕು ಅಂದುಕೊಂಡೆ. ಒರೆಸಿ ನನ್ನ ಕಂಕುಳಲ್ಲಿ ಇಟ್ಟುಕೊಂಡೆ. ತೊಂಬತ್ತೆಂಟು. ಮತ್ತೆ ಅವರಿಗೆ ಇಟ್ಟೆ. ಮತ್ತೆ ತೊಂಬತ್ತೈದು. ಆಗ ಅವರ ಹಣೆ ನೋಡಿದೆ. ಬೆಳಿಗ್ಗೆ ಎದ್ದೊಡನೆ ಕಾಕು ಕೈಯಾರೆ ವಿಭೂತಿ ಹಚ್ಚಿದ್ದರು. ಅದು ಹಚ್ಚಿ ಎಷ್ಟೋ ಹೊತ್ತಾಗಿತ್ತು. ಗೆರೆಗಳು ಇನ್ನೂ ಬೂದು ಬಣ್ಣದಲ್ಲಿ ಹಸಿಯಾಗಿಯೇ ಇದ್ದವು. ಹಣೆಯ ಬೆವರಿಗೆ ಕರಗಿ ಒಂದು ಗೆರೆ ಹುಬ್ಬಿನ ಮೇಲೆ ಇಳಿದಿತ್ತು...

ನನಗೆ ಅಂಜಿಕೆಯಾಯಿತು. ಕಾರಣ ಹೇಳು ಅಂದರೆ ಬರುತ್ತಿರಲಿಲ್ಲ. ಜ್ವರ ಹೆಚ್ಚಾದರೆ ಹೆದರಬೇಕು ಎಂಬುದಷ್ಟೇ ನನಗೂ ಗೊತ್ತಿದ್ದದ್ದು. ಆದರೆ ಜ್ವರ ಬಿಟ್ಟವರು ಹೀಗಿರುವುದಿಲ್ಲ. ಕೂತಲ್ಲೇ ಕೂತವರು ಅಟ್ಟ ಹತ್ತಿ ಇಳಿದವರಂತೆ ಉಸಿರಾಡುತ್ತಿದ್ದರು. ಉಗುರುಗಳು ನೀಲಿಯಾಗಿದ್ದವು. ನಿನ್ನೆ ರಾತ್ರಿಯಿಂದ ಮೂತ್ರಕ್ಕೆ ಎದ್ದಿಲ್ಲವೆಂದು ಕಾಕು ತಾವಾಗಿಯೇ ಹೇಳಿದರು, ಪಾಪ, ನಿದ್ದೆ ಚೆನ್ನಾಗಿ ಬಂತು ಎಂಬ ಅರ್ಥದಲ್ಲಿ. ಅಷ್ಟರಲ್ಲಿ ಕಾಕಾ ಬಾಗಿಲ ಕಡೆ ನೋಡಿ, ಪಾಳಿಯ ಭೋಂಗಾ ಕೂಗಿತೇನು ಎಂದು ಕೇಳಿದರು. ಮನೆಯಲ್ಲಿದ್ದೀರಿ ಎಂದೆ. ತಲೆಯಾಡಿಸಿ, ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು.

ಈಗಲೇ ದವಾಖಾನೆಗೆ ಹೋಗೋಣ ಎಂದೆ. ಕಾಕು ಒಪ್ಪಲಿಲ್ಲ. ಇಳಿದ ಜ್ವರಕ್ಕೆ ಯಾರಾದರೂ ದವಾಖಾನೆಗೆ ಹೋಗುತ್ತಾರೇನು, ಬಳಲಿಕೆ ಇದು, ಗಂಜಿ ಕುಡಿದರೆ ಸರಿಹೋಗುತ್ತದೆ ಎಂದರು. ಕಾಕಾ ಕಣ್ಣು ಮುಚ್ಚಿಕೊಂಡೇ ಹೇಳಿದರು: 'ಅವಸರ ಮಾಡಬ್ಯಾಡ್ರಿ. ಪೂರಾ ತಣ್ಣಗಾಗ್ಲಿ. ಆಮ್ಯಾಲ ಒಡೀರಿ.'

ನಾನು ಥರ್ಮಾಮೀಟರ್ ಕೆಳಗಿಟ್ಟೆ. ಕಾಕುವಿನ ಕೈ ಹಿಡಿದುಕೊಂಡೆ. ಮೊದಲು ಅದನ್ನು ನನ್ನ ಹಣೆಯ ಮೇಲೆ ಇಟ್ಟೆ. ಆಮೇಲೆ ಕಾಕಾನ ಹಣೆಯ ಮೇಲೆ.

'ನಂದೂ ಜ್ವರ ಇಲ್ಲದ ಹಣಿನೇ ಐತಿ ಕಾಕು. ಎರಡೂ ಒಂದ ಅದಾವೇನು ನೋಡ್ರಿ.'

 ಕಾಕು ಕೈ ಅಲ್ಲೇ ಇಟ್ಟುಕೊಂಡು ನಿಂತರು. ನಗು ಮುಖದಿಂದ ಒಮ್ಮೆಲೇ ಹೋಗಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಹೋಯಿತು. ಒಲೆಯ ಮೇಲೆ ಗಂಜಿ ಉಕ್ಕಿ ಚರ್ ಎಂದಿತು. ಆರಿಸಲು ಯಾರೂ ಕೂಡಲೇ ಹೋಗಲಿಲ್ಲ. 'ರಿಕ್ಷಾ ಕರಿ' ಎಂದರು ಕಾಕು.

ದವಾಖಾನೆಯಲ್ಲಿ ಕಾಲಿನ ಪಟ್ಟಿ ಬಿಚ್ಚಿ ನೋಡಿದ ಡಾಕ್ಟರರ ಮಾತಿನ ವೇಗವೇ ಬದಲಾಯಿತು. ಎರಡೂ ಕೈಗೆ ಸಲಾಯಿನ್ ಏರಿಸಿದರು, ರಕ್ತ ತೆಗೆದರು, ಒಳಗೆ ಒಯ್ದರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು ಕಾಕುವಿಗೆ ತಿಳಿಯುವಂತೆ ಹೇಳಿದರು: 'ಗಾಯದ ನಂಜು ರಕ್ತಕ್ಕ ಏರೇತ್ರಿ ಅವ್ವಾರ. ಜ್ವರ ಬರೂದಂದ್ರ ಮೈ ಇನ್ನೂ ಬಡದಾಡಾಕತ್ತೈತಿ ಅಂತ. ಕೆಲವ್ರಿಗೆ ಹಿಂಗ ತಣ್ಣಗಾಗ್ತೈತಿ. ಇದಕ್ಕ ನಾವು ಜ್ವರಕ್ಕಿಂತ ಹೆಚ್ಚ ಅಂಜತೀವ್ರಿ.'

ಅಂದಿನಿಂದ ಎಲ್ಲವೂ ತಿರುವುಮುರುವಾಯಿತು. ಮೂರು ದಿನ ಜ್ವರ ಹೋಗಲೆಂದು ದೇವರ ಮುಂದೆ ದೀಪ ಹಚ್ಚಿದ ಕಾಕು, ಐಸಿಯುವಿನ ಬಾಗಿಲ ಮುಂದೆ ಕೂತು ಜ್ವರ ಬರಲೆಂದು ಕಾಯತೊಡಗಿದರು. ನರ್ಸ್ ಹೊರಗೆ ಬಂದಾಗಲೆಲ್ಲ ಎದ್ದು ನಿಂತು, 'ಬಂತೇನ್ರೀ ಜ್ವರಾ?' ಎಂದು ಕೇಳುತ್ತಿದ್ದರು. ಬಾಜು ಕೂತ ಬೇರೆ ರೋಗಿಗಳ ಮನೆಯವರು ಅವರನ್ನು ವಿಚಿತ್ರವಾಗಿ ನೋಡುತ್ತಿದ್ದರು.

ಶುಕ್ರವಾರ ಸಂಜೆ ನಮ್ಮನ್ನು ಒಳಗೆ ಬಿಟ್ಟರು. ಬಾಯಿಗೆ ನಳಿಕೆ ಹಾಕಿದ್ದರು, ಅದಕ್ಕೊಂದು ಯಂತ್ರ ಹಚ್ಚಿದ್ದರು. ಬಿಸಿ ಗಾಳಿ ತುಂಬಿದ ಒಂದು ಹೊದಿಕೆ ಅವರ ಮೇಲಿತ್ತು. ಪರದೆಯ ಮೇಲೆ ತೊಂಬತ್ತೆಂಟು ಎಂದಿತ್ತು. ನಾನು ಕಾಕುವಿನ ಕೈ ಒತ್ತಿದೆ. ಅವರ ಮುಖ ಅರಳಿತು. ನರ್ಸ್ ನಮ್ಮ ಸಂತೋಷ ನೋಡಿದಳು. ಆಮೇಲೆ ಮೆಲ್ಲಗೆ, ಆ ಕಾವು ಹೊದಿಕೆಯದು, ಅವರದ್ದಲ್ಲ ಎಂದಳು. ಸುಳ್ಳು ಧೈರ್ಯ ಕೊಟ್ಟಿದ್ದರೆ ನಾವು ಆಗ ಅದನ್ನೇ ತೆಗೆದುಕೊಳ್ಳುತ್ತಿದ್ದೆವು... ಆಕೆ ಕೊಡಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಕಾಕು ಹೊದಿಕೆಯ ಅಂಚು ಸರಿಸಿ ಅವರ ಪಾದ ಮುಟ್ಟಿದರು. ಮತ್ತೆ ಮುಚ್ಚಿದರು, ಸುತ್ತಲೂ ಗಾಳಿ ಹೋಗದಂತೆ ಒತ್ತಿ ಒತ್ತಿ.

ಭಾನುವಾರ ಮಧ್ಯಾಹ್ನ ಕಾಕಾ ಹೋದರು. ಜ್ವರ ಕಡೆಗೂ ಬರಲಿಲ್ಲ.

ಗುರುವಾರ ಆ ಗಾಡಿ ಬಂದಿದ್ದರೆ ಎಂದು ಕಾಕುವಿನ ತಮ್ಮ ಎಲ್ಲರೆದುರು ಅತ್ತ. ಗಾಡಿ ಬಂದಿದ್ದರೂ ನೀವು ಇಲ್ಲಿಗೆ ಅದೇ ಹೊತ್ತಿಗೆ ತಲುಪುತ್ತಿದ್ದಿರಿ ಎಂದು ಡಾಕ್ಟರು ಸಮಾಧಾನ ಹೇಳಿದರು. ಅದು ನಿಜವೇ ಇರಬಹುದು. ಮನೆಗೆ ಬಂದಾಗ ಒಲೆಯ ಮೇಲೆ ಉಕ್ಕಿದ ಗಂಜಿ ಬಿಳಿ ಪೊರೆಯಾಗಿ ಒಣಗಿತ್ತು. ಕಾಕು ಅದನ್ನು ಬಹಳ ಹೊತ್ತು ಉಜ್ಜಿದರು.

ಅಂದಿನಿಂದ ನನಗೆ ತಣ್ಣನೆಯ ಕೈಗಳೆಂದರೆ ಅಂಜಿಕೆ. ಬಸ್ಸಿನಲ್ಲಿ ಚಿಲ್ಲರೆ ಕೊಡುವ ಕಂಡಕ್ಟರರ ಬೆರಳು ತಣ್ಣಗಿದ್ದರೂ ಮುಖ ನೋಡುತ್ತೇನೆ, ಉಸಿರು ನೋಡುತ್ತೇನೆ. ಯಾರಾದರೂ ಜ್ವರ ಇಳಿಯಿತು ಎಂದು ಖುಷಿಯಿಂದ ಹೇಳಿದರೆ, ಎಷ್ಟಕ್ಕೆ ಇಳಿಯಿತು ಎಂದು ಕೇಳದೆ ಇರಲಾಗುವುದಿಲ್ಲ.

ಕಾಕು ಈಗ ಖಾನಾಪುರದಲ್ಲಿ ತಮ್ಮನ ಮನೆಯಲ್ಲಿದ್ದಾರೆ, ಪೇಟೆಯಲ್ಲಿರುವ ಅವನ ಅಂಗಡಿಯಲ್ಲೂ ಕೂರುತ್ತಾರೆ. ಮೊನ್ನೆ ಗುರುವಾರ, ಆ ವಾಸನೆ ಬಂದ ದಿನ, ಕೆಲಸ ಮುಗಿಸಿ ಅವರ ಮನೆಗೆ ಹೋದೆ. ಮಬ್ಬಿಗೆ ನನ್ನ ಗುರುತು ಹತ್ತಲಿಲ್ಲವೋ ಏನೋ, ಕಾಕು ಹೊಸ್ತಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಂಗೈಯ ಹಿಂಭಾಗವನ್ನು ನನ್ನ ಹಣೆಯ ಹತ್ತಿರ ತಂದರು. ಮೊದಲು ಅವರಿಗೆ ಈ ರೂಢಿ ಇರಲಿಲ್ಲ.

ಕೈ ಸುಮಾರು ಹೊತ್ತು ಅಲ್ಲೇ ಇತ್ತು. ನಾನು ಅಲುಗಾಡಲಿಲ್ಲ.

'ಬೆಚ್ಚಗದಿ' ಎಂದರು. 'ಬಾ, ಒಳಗ ಬಾ.'