ಗಂಟಲಿಗೊಪ್ಪುವ ಸಾರು

ಬಾಂಗ್ ಜೊಮ್ಸುಕ್ ಕೊರಿಯಾದ ಮೋಕ್ಪೊ ಬಂದರಿನ ಪ್ರಾಥಮಿಕ ಶಾಲೆಯೊಂದರ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಸೌಟು ಹಿಡಿದವಳು. ಐನೂರು ಮಕ್ಕಳ ಸಾರಿಗೂ ಉಪ್ಪನ್ನು ಕೈಯಳತೆಯಲ್ಲೇ ಹಾಕುತ್ತಿದ್ದಳು. ಬಲಭುಜ ಕೈಕೊಟ್ಟಾಗ ಕೆಲಸ ಬಿಡಬೇಕಾಯಿತು. ಮನೆಯಲ್ಲಿ ಮೂರು ತಿಂಗಳು ಸುಮ್ಮನೆ ಕೂತು ಬೇಸತ್ತು, ಐವತ್ತಮೂರನೆಯ ವಯಸ್ಸಿನಲ್ಲಿ ಊರಾಚೆಯ ಕಾಲೇಜಿಗೆ, ಎರಡು ವರ್ಷದ ಆಹಾರ ಮತ್ತು ಪೋಷಣೆಯ ಕೋರ್ಸಿಗೆ ಅರ್ಜಿ ಹಾಕಿದಳು.

ಗಂಡ ದೊಕ್ಮಾನ್ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಅರ್ಜಿ ನೋಡಿ ನಕ್ಕ. "ಅಲ್ಲ ಕಣೇ, ನಿಂಗೆ ಅಡುಗೆ ಹೇಳಿಕೊಡೋರು ಅಲ್ಲಿ ಯಾರಿದಾರೆ? ನೀನೇ ಹೋಗಿ ಪಾಠ ಮಾಡಿ ಬಾ."

"ಅಡುಗೆ ಬರುತ್ತೆ ಕಣ್ರೀ. ಯಾಕೆ ಹಾಗೆ ಮಾಡ್ತೀಯ ಅಂತ ಯಾರಾದ್ರೂ ಕೇಳಿದ್ರೆ ಹೇಳೋಕೆ ಬರಲ್ಲ."

ಮೊದಲ ದಿನ ಅವಳು ತರಗತಿಗೆ ಕಾಲಿಟ್ಟ ಕೂಡಲೇ ಹುಡುಗಿಯರೆಲ್ಲ ಎದ್ದು ತಲೆಬಾಗಿದರು. ಅವಳು ನೇರ ಹೋಗಿ ಕೊನೆಯ ಬೆಂಚಿನಲ್ಲಿ ಕೂತಾಗಲೇ ಇವಳು ಮೇಡಂ ಅಲ್ಲ ಎಂದು ಗೊತ್ತಾದದ್ದು. ಪಕ್ಕದಲ್ಲಿದ್ದ ಇಪ್ಪತ್ತರ ಯೇಸೂಲ್‌ಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಅವಳಿಗೆ ಜೊಮ್ಸುಕ್ 'ಅಕ್ಕ' ಆದಳು.

ರಸಾಯನಶಾಸ್ತ್ರ ಜೊಮ್ಸುಕ್‌ಳ ತಲೆಗೆ ಹತ್ತುತ್ತಿರಲಿಲ್ಲ. ಯೇಸೂಲ್‌ಗೆ ಚಾಕು ಹಿಡಿಯಲು ಬರುತ್ತಿರಲಿಲ್ಲ.

"ಅಕ್ಕಾ, ನೀವು ಮೂಲಂಗಿ ಹೆಚ್ಚೋ ಸ್ಪೀಡ್ ನೋಡಿದ್ರೆ ನಂಗೆ ಭಯ ಆಗುತ್ತೆ."

"ನೀನು ಆ ಸೂತ್ರ ಗೀಚೋದು ನೋಡಿದ್ರೆ ನಂಗೂ ಅಷ್ಟೇ ಕಣೇ."

ಒಬ್ಬರಿಗೊಬ್ಬರು ಆಸರೆಯಾಗಿ ಮೊದಲ ವರ್ಷ ದಾಟಿದರು. ಎರಡನೆಯ ವರ್ಷ ಇಬ್ಬರನ್ನೂ ನಾಲ್ಕು ವಾರದ ತರಬೇತಿಗೆ ವೃದ್ಧರ ಆರೈಕೆ ಕೇಂದ್ರವೊಂದಕ್ಕೆ ಕಳಿಸಿದರು. ಅಲ್ಲಿನ ಆಹಾರತಜ್ಞೆ ಚಾ ಎಂಬವಳು ಮಿತಭಾಷಿ. ಜೊಮ್ಸುಕ್‌ಗಿಂತ ಇಪ್ಪತ್ತು ವರ್ಷ ಚಿಕ್ಕವಳು.

ಕೇಂದ್ರದಲ್ಲಿ ಪ್ಯೊ ಎಂಬ ತಾತ ಇದ್ದ. ಹಿಂದೆ ಮೀನುದೋಣಿ ನಡೆಸಿದವನು, ಪಾರ್ಶ್ವವಾಯು ಬಡಿದು ಮಾತು ಅರ್ಧ ನಿಂತಿತ್ತು. ದಿನವೂ ಬರುವ ಬೂದುಬಣ್ಣದ ಮುದ್ದೆಗಂಜಿಯನ್ನು ಕೈಯಿಂದ ತಳ್ಳಿಬಿಡುತ್ತಿದ್ದ. ಮೂರನೆಯ ದಿನ ಜೊಮ್ಸುಕ್‌ಗೆ ನೋಡಲಾಗಲಿಲ್ಲ. ಸಿಬ್ಬಂದಿಗೆಂದು ಮಾಡಿದ್ದ ಕಡಲಪಾಚಿ ಸಾರಿನ ತಿಳಿಯನ್ನು ಬಟ್ಟಲಿಗೆ ಬಗ್ಗಿಸಿ, ಯಾರನ್ನೂ ಕೇಳದೆ ಎರಡು ಚಮಚ ಕುಡಿಸಿದಳು. ತಾತ ಕಣ್ಣರಳಿಸಿ ಮೂರನೆಯದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಕೆಮ್ಮು ಹತ್ತಿತು, ಮುಖ ಕಪ್ಪಿಟ್ಟಿತು. ನರ್ಸ್ ಓಡಿಬಂದು ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ತಟ್ಟಿದಳು. ಕೊನೆಗೆ ಉಸಿರು ಸರಿಯಾಯಿತು.

ಚಾ ಗದರಲಿಲ್ಲ. "ನಿಮ್ಮ ಸಾರಲ್ಲಿ ತಪ್ಪಿಲ್ಲ. ನೀರಾಗಿದ್ರೆ ಅದು ಈ ತಾತನ ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತೆ. ಪಾಠದಲ್ಲಿ ಓದಿರ್ತೀರಿ. ಮತ್ತೊಂದ್ಸಲ ಓದಿ."

ಸಂಜೆ ಬಸ್ಸಿನಲ್ಲಿ ಪುಸ್ತಕ ತೆರೆದಳು. ಪರೀಕ್ಷೆಗೆಂದು ಉರುಹೊಡೆದ ಅದೇ ಪುಟ. ನೀರು, ಕೆಮ್ಮು, ಆಮೇಲೆ ಜ್ವರ, ನ್ಯುಮೋನಿಯಾ. ಓದುತ್ತ ಓದುತ್ತ ಅತ್ತೆಯ ನೆನಪಾಯಿತು. ಹಾಸಿಗೆ ಹಿಡಿದ ಅತ್ತೆಗೆ ಅವಳು ದಿನಾ ಚಮಚದಲ್ಲಿ ಬಾರ್ಲಿ ನೀರು ಕುಡಿಸಿದ್ದಳು. ಅತ್ತೆ ಕೆಮ್ಮುತ್ತಿದ್ದಳು, ಇವಳು ಎದೆ ನೀವಿ ಮತ್ತೆ ಕುಡಿಸುತ್ತಿದ್ದಳು. ಅತ್ತೆ ಹೋದದ್ದು ನ್ಯುಮೋನಿಯಾದಿಂದಲೇ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. "ನಾಳೆಯಿಂದ ಹೋಗಲ್ಲ. ಇಂಥದ್ದು ತಿಳಿಯೋಕೆ ಓದಬೇಕಿತ್ತಾ?"

ದೊಕ್ಮಾನ್ ಕೈಗಂಟಿದ ಎಂಜಿನ್ ಎಣ್ಣೆ ಒರೆಸಿಕೊಂಡು ಅವಳ ಪಕ್ಕ ಕೂತ. ಆಮೇಲೆ, "ಅಮ್ಮ ನಿನ್ನ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ಕುಡೀತಿರ್ಲಿಲ್ಲ," ಎಂದ. "ಅವತ್ತು ನಿಂಗೆ ಹೇಳೋರು ಇರ್ಲಿಲ್ಲ. ಈಗ ಗೊತ್ತಾಗಿದೆಯಲ್ಲ, ಹೋಗು."

ಅವಳು ಹೋದಳು. ತಾತನಿಗೆ ಬೇರೆ ಸಾರು ಮಾಡಲು ಮೊದಲು ಚಾಳ ಒಪ್ಪಿಗೆ ಪಡೆದಳು. ಒಣಮೀನನ್ನು ಎಳ್ಳೆಣ್ಣೆಯಲ್ಲಿ ಹುರಿದು, ಮೂಲಂಗಿ ಹಾಕಿ ಕುದಿಸಿ, ಸಾರನ್ನು ನುಣ್ಣಗೆ ಸೋಸಿದಳು. ಯೇಸೂಲ್ ಮಂದಗೊಳಿಸುವ ಪುಡಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಿದಳು, ಜೊಮ್ಸುಕ್ ಸಾರನ್ನು ಕೈಯಳತೆಯಲ್ಲೇ ಸುರಿದು ಕಲಸಿದಳು. ಮೊದಲ ಸಲ ಅಂಟಿನಂತಾಯಿತು, ಎರಡನೆಯ ಸಲ ನೀರಾಯಿತು. ಕೈಯಳತೆಗೆ ಇಲ್ಲಿ ಬೆಲೆಯಿಲ್ಲವೆಂದು ಜೊಮ್ಸುಕ್ ತಾನೇ ತಕ್ಕಡಿಯ ಮುಂದೆ ಕೂತಳು. ಐದನೆಯ ಸಲಕ್ಕೆ, ಓರೆ ಮಾಡಿದ ಚಮಚದಿಂದ ಸಾರು ನಿಧಾನವಾಗಿ, ಒಂದೇ ತುಂಡಾಗಿ ಜಾರಿತು. ಅದನ್ನು ನೋಡಿ ಚಾ ಸರಿಯೆಂದು ತಲೆಯಾಡಿಸಿದಳು.

ಬಟ್ಟಲು ಹತ್ತಿರ ತಂದಾಗ ಪ್ಯೊ ತಾತ ಮೊದಲು ಮೂಸಿ ನೋಡಿದ. ಆಮೇಲೆ ಬಾಯಿ ತೆರೆದ. ಪ್ರತಿ ಚಮಚಕ್ಕೂ ಚಾ ಅವನ ಗಂಟಲನ್ನು ಗಮನಿಸುತ್ತಿದ್ದಳು. ಕೆಮ್ಮಿಲ್ಲದೆ ಅರ್ಧ ಬಟ್ಟಲು ಖಾಲಿಯಾಯಿತು.

"ಉಪ್ಪು... ಕಮ್ಮಿ," ಎಂದ ತಾತ, ತೊದಲುತ್ತ.

"ಬಿಪಿ ಇದೆ ತಾತ, ಇಷ್ಟೇ ಸಿಗೋದು," ಎಂದು ಜೊಮ್ಸುಕ್ ಅವನ ಬಾಯಿ ಒರೆಸಿದಳು.

ಆಹಾರತಜ್ಞರ ಲೈಸೆನ್ಸ್ ಪರೀಕ್ಷೆಯಲ್ಲಿ ಯೇಸೂಲ್ ಮೊದಲ ಸಲವೇ ಪಾಸಾದಳು. ಜೊಮ್ಸುಕ್‌ಗೆ ಎರಡು ಸಲ ಬೇಕಾಯಿತು. ಈಗ ಅವಳು ಮೀನುಮಾರುಕಟ್ಟೆಯ ಹಿಂದಿನ ಸಣ್ಣ ಆರೈಕೆ ಕೇಂದ್ರದಲ್ಲಿ ಆಹಾರತಜ್ಞೆ. ಗುರುವಾರ ಮಧ್ಯಾಹ್ನ ಮುದುಕರ ಹೆಣ್ಣುಮಕ್ಕಳು, ಸೊಸೆಯಂದಿರು ಬಂದು ಅವಳೆದುರು ಕೂರುತ್ತಾರೆ. ತಲೆ ಎಷ್ಟು ಬಗ್ಗಿಸಬೇಕು, ಚಮಚ ಎಷ್ಟು ತುಂಬಬೇಕು ಎಂದು ಮಾಡಿ ತೋರಿಸುತ್ತಾಳೆ.

ಒಮ್ಮೆ ಒಬ್ಬ ಸೊಸೆ ಕಣ್ಣು ತುಂಬಿಕೊಂಡು, "ಹಾಗಾದ್ರೆ ಇಷ್ಟು ದಿನ ನಾನು ಕುಡಿಸಿದ್ದು ತಪ್ಪಾ?" ಎಂದು ಕೇಳಿದಳು.

"ನಿಂಗೆ ಗೊತ್ತಿರ್ಲಿಲ್ಲ ತಾಯಿ. ನಂಗೂ ಗೊತ್ತಿರ್ಲಿಲ್ಲ," ಎಂದು ಜೊಮ್ಸುಕ್ ಅವಳ ಕೈಗೆ ಚಮಚ ಕೊಟ್ಟಳು. "ತಗೋ, ಈಗ ನಂಗೆ ಕುಡಿಸು ನೋಡೋಣ."