ಮೋನಪ್ಪನ ಸಬ್‌ಮರೀನಿಗೆ ನಾನು ಬರೆದ ಟ್ಯಾಂಕು

೧೯೩೮ರ ಬೇಸಿಗೆ. ನಾನಾಗ ಜೆಪ್ಪುವಿನ ಒಂದು ಫೌಂಡ್ರಿಯಲ್ಲಿ ಡ್ರಾಫ್ಟ್ಸ್‌ಮನ್. ಹೆಂಚಿನ ಕಾರ್ಖಾನೆಗಳ ಪ್ರೆಸ್ಸು, ಪಂಪುಗಳ ನಕ್ಷೆ ಬರೆಯುವುದು ನನ್ನ ಕೆಲಸ. ನಮ್ಮ ಫಿಟ್ಟರ್ ಮೋನಪ್ಪ ಹಳೆಯ ಬಾಯ್ಲರಿನ ಚಿಪ್ಪಿನಿಂದ ಒಬ್ಬರು ಕೂರುವಂಥ ಸಬ್‌ಮರೀನ್ ಮಾಡುತ್ತಿದ್ದ. ಅವನ ಅಣ್ಣ ಹೆಂಚು ಸಾಗಿಸುವ ಹಾಯಿಹಡಗಿನೊಡನೆ ನದಿ ಕಡಲು ಸೇರುವ ಅಳಿವೆಯಲ್ಲಿ ಮುಳುಗಿದ್ದ. ಶವ ಸಿಕ್ಕಿರಲಿಲ್ಲ.

"ಹಡಗು ಎಲ್ಲಿ ಉಂಟು ಎಂದು ಒಮ್ಮೆ ನೋಡಬೇಕು ರಾಯರೇ. ಮುಳುಗುವ, ಏಳುವ ಲೆಕ್ಕ ಮಾತ್ರ ನೀವು ಮಾಡಿ ಕೊಡಿ" ಎಂದ.

ಆ ಲೆಕ್ಕವೆಲ್ಲ ಬ್ಯಾಲಸ್ಟ್ ಟ್ಯಾಂಕಿನದು. ಟ್ಯಾಂಕಿಗೆ ನೀರು ಬಿಟ್ಟರೆ ಸಬ್‌ಮರೀನ್ ಭಾರವಾಗಿ ಮುಳುಗುತ್ತದೆ, ಪಂಪಿನಿಂದ ಹೊರಹಾಕಿದರೆ ಹಗುರಾಗಿ ಏಳುತ್ತದೆ. ಮೂವತ್ತು ಗ್ಯಾಲನ್, ಅಂದರೆ ಮುನ್ನೂರು ಪೌಂಡು ನೀರು ಸಾಕಿತ್ತು. ಇರಲಿ ಎಂದು ನಾನು ಐವತ್ತು ಗ್ಯಾಲನ್ ಹಿಡಿಯುವ ಒಂದೇ ಉದ್ದನೆಯ ಟ್ಯಾಂಕನ್ನು ತಳದಲ್ಲಿ ಕೂರಿಸಿದೆ. ಕೈಪಂಪಿನ ಕೊಳವೆ ಅದರ ಹಿಂತುದಿಯಲ್ಲಿತ್ತು.

ನೇತ್ರಾವತಿಯಲ್ಲಿ ಮೂರಾಳು ಆಳದ ಕಡೆ ಪರೀಕ್ಷೆ ನಡೆಯಿತು. ಮೋನಪ್ಪ ಒಳಗೆ ಕೂತ. ಹಿಂಬದಿಯ ಬಳೆಗೆ ಹಗ್ಗ ಕಟ್ಟಿ, ಅದರ ತುದಿ ಹಿಡಿದು ನಾವು ದೋಣಿಯಲ್ಲಿ ಕೂತಿದ್ದೆವು. ಮೋನಪ್ಪನ ಹೆಂಡತಿ ಗಿರಿಜಾ ಬೇಡವೆಂದರೂ ಕೇಳದೆ ನಮ್ಮ ದೋಣಿ ಹತ್ತಿದ್ದಳು. ಒಳಗಿನ ಗಾಳಿ ಸುಮಾರು ಒಂದು ಗಂಟೆಗೆ ಸಾಕು. ಹತ್ತು ನಿಮಿಷಕ್ಕೆ ಏಳಬೇಕಾದವನು ಇಪ್ಪತ್ತೈದಾದರೂ ಏಳಲಿಲ್ಲ. ಒಳಗಿಂದ ಸುತ್ತಿಗೆಯ ಬಡಿತ ಕೇಳತೊಡಗಿತು.

ನಾಲ್ಕು ಜನ ಹಗ್ಗ ಎಳೆದೆವು. ಅಂಗೈ ಸುಲಿಯಿತೇ ಹೊರತು ಅದು ಕದಲಲಿಲ್ಲ. ದೋಣಿಯಲ್ಲಿದ್ದ ಉಳ್ಳಾಲದ ಹಸನಬ್ಬ, ನದಿಯಲ್ಲಿ ಮುಳುಗಿ ಚಿಪ್ಪು ತೆಗೆಯುವವನು, ಕೆಳಗೆ ಹೋಗಿ ಬಂದ.

"ಮೂಗು ಕೆಸರಲ್ಲಿ ಹುಗಿದಿದೆ. ಬಾಲ ಮೇಲೆ ಉಂಟು."

ಆಗ ನನಗೆ ಹೊಳೆಯಿತು. ಐವತ್ತು ಗ್ಯಾಲನ್ನಿನ ಟ್ಯಾಂಕಿನಲ್ಲಿ ಮೂವತ್ತೇ ಗ್ಯಾಲನ್ ನೀರು. ಇಳಿಯುವಾಗ ಸ್ವಲ್ಪ ವಾಲಿದ್ದೇ ನೀರೆಲ್ಲ ಮುಂದಕ್ಕೆ ಓಡಿತ್ತು. ಹಿಂದಿನ ಕೊಳವೆ ಬರೀ ಗಾಳಿ ಎಳೆಯುತ್ತಿತ್ತು. ನಾವು ಬಾಲ ಎಳೆದಷ್ಟೂ ಅದು ಇನ್ನೂ ಮೇಲೆದ್ದು ಅವನಿಗೇ ಕೇಡು.

"ಹಗ್ಗ ಸಡಿಲ ಬಿಡಿ" ಎಂದೆ.

ಗಿರಿಜಾ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಳು. "ಬಿಟ್ಟರೆ ಅವರಿಗೆ ಮತ್ತೆ ಎಂತ ಉಂಟು?"

"ತಪ್ಪು ನನ್ನದಮ್ಮ, ಬಿಡಿ" ಎಂದೆ. ಅವಳ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ.

ಮೂಗಿನ ಕಡೆಯಿಂದ ಎತ್ತಲೆಂದು ಹಸನಬ್ಬ ಇನ್ನೊಂದು ಹಗ್ಗ ಹಿಡಿದು ಮುಳುಗಿದ. ಮುಂದಿನ ಬಳೆ ಕೆಸರಿನಡಿ ಇತ್ತು. ಎರಡು ಸಲ ಬರಿಗೈಯಲ್ಲಿ ಎದ್ದ. ಅಷ್ಟರಲ್ಲಿ ಬಡಿತ ನಿಂತಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೂರನೆಯ ಸಲ ಅವನು ಮೂಗಿನಲ್ಲಿ ರಕ್ತ ಸುರಿಸುತ್ತ ಎದ್ದು, "ಎಳೆಯಿರಿ" ಎಂದ.

ಎಳೆದೆವು. ಕೆಸರು ಬಿಟ್ಟುಕೊಟ್ಟಿತು, ಮೂಗು ಎದ್ದು ಟ್ಯಾಂಕಿನ ನೀರು ಹಿಂದಿನ ಕೊಳವೆಯತ್ತ ಓಡಿರಬೇಕು. ಸ್ವಲ್ಪ ಹೊತ್ತಿಗೆ ಹಗ್ಗದಲ್ಲಿ ಸಣ್ಣ ನಡುಕ ಕಂಡಿತು: ಒಳಗೆ ಮೋನಪ್ಪ ಪಂಪು ಹೊಡೆಯುತ್ತಿದ್ದ. ಐವತ್ತನೆಯ ನಿಮಿಷಕ್ಕೆ ಸಬ್‌ಮರೀನ್ ಮೇಲೆ ಬಂತು. ಮುಚ್ಚಳ ತೆಗೆದಾಗ ಮೋನಪ್ಪನ ತುಟಿ ನೀಲಿಗಟ್ಟಿತ್ತು. ಗಿರಿಜಾ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ದಡದವರೆಗೂ ನನ್ನತ್ತ ತಿರುಗಲಿಲ್ಲ.

ವಾರದ ಬಳಿಕ ಹೋಗಿ ತಪ್ಪೊಪ್ಪಿಕೊಂಡೆ. "ಇನ್ನೊಂದು ಬರೆಯಿರಿ ರಾಯರೇ" ಎಂದ ಮೋನಪ್ಪ. ಮುಂದೊಂದು, ಹಿಂದೊಂದು ಟ್ಯಾಂಕು, ಎರಡಕ್ಕೂ ಬೇರೆ ಬೇರೆ ಕೊಳವೆ ಹಾಕಿದೆವು. ಈ ಸಲ ಮೊದಲು ಒಳಗೆ ಕೂತು ಮುಳುಗಿದವನು ನಾನು. ಮುಂದಿನ ಬೇಸಿಗೆಯಲ್ಲಿ ಅವನು ನಾಲ್ಕು ಬಾರಿ ಅಳಿವೆಗಿಳಿದ. ಅಣ್ಣನ ಹಡಗು ಸಿಗಲಿಲ್ಲ.

ನಕ್ಷೆಯ ಮೇಲೆ ನೀರು ಸಮತಟ್ಟಾಗಿ ನಿಲ್ಲುತ್ತದೆ, ನದಿಯಲ್ಲಿ ನಿಲ್ಲುವುದಿಲ್ಲ. ಆಮೇಲೆ ಕೆಲಸ ಬಿಡುವವರೆಗೂ, ಯಾವ ನಕ್ಷೆಗೆ ಸಹಿ ಹಾಕುವ ಮೊದಲೂ ಕಾಗದವನ್ನು ಓರೆಯಾಗಿ ಹಿಡಿದು, ಒಳಗಿರುವವನು ಈಗ ಏನು ಮಾಡುತ್ತಾನೆ ಎಂದು ಕೇಳಿಕೊಳ್ಳುತ್ತಿದ್ದೆ.